ಮೇಟಿ ಮೂಡ್ಲಗಿರಿಯನ ಮೇ, ಮಸ್ಟು

ಇನ್ನೂ ಹತ್ರ ಬಂದು ಕೂತ್ಕಳಿ. ಬೂದಿಕೆರೆ ಮೂಡ್ಲಗಿರಿಯನ ಕತೆ ಹೇಳ್ತೀನಿ. ನಗು ಬಂದ್ರೆ ಬಾಯಿಗೆ ಬಟ್ಟೆ ಇಟ್ಕೋಬೇಡಿ, ಜೋರಾಗೇ ನಗಿ. ಅವನೇ ಇಲ್ಲಿ ಬಂದು ಕೂತಿದ್ರೂ ನಿಮ್ಮ ಜೊತೆ ಸೇರಿ ನಗೋನು, ಯಾರನ್ನ ನೋಡಿ ನಗ್ತಿದೀವಿ ಅಂತ ಆಮೇಲೆ ಕೇಳೋನು. ಅಂಥಾ ದಡ್ಡ.

ವಯಸ್ಸು ಇಪ್ಪತ್ತೈದು. ಕೋಣದಂಥ ಮೈ. ತಲೆ? ತಲೇನೂ ಇತ್ತು, ಪೇಟ ಸುತ್ತೋದಕ್ಕೆ.

ಬಿಳಿ ದೊರೆಗಳ ಕಾಲ ಅದು. ಅವರಪ್ಪ ಬೂದಿಕೆರೆ ಏರಿ ಪಕ್ಕದ ಸರ್ಕಾರಿ ಬಂಗ್ಲೇಲಿ ಮೇಟಿ. ಬಂಗ್ಲೆ ಕಾಯೋದು, ಕಸ ಹೊಡೆಯೋದು, ಕೆರೆ ಕಾಲುವೆ ಅಳೆಯೋಕೆ ಬಂದ ದೊರೆಗಳಿಗೆ ನೀರು, ಟೀ ಕೊಡೋದು, ಇದು ಮೇಟಿ ಕೆಲಸ. ಅವನು ಒಂದಿನ ಸತ್ತೋದ. ಬಂಗ್ಲೆ ಹಿತ್ತಲಲ್ಲಿ ಮೇಟಿಗೆ ಅಂತ ಒಂದು ಹೆಂಚಿನ ಕೋಣೆ. ಸತ್ತೋನ ಹೆಂಡ್ತಿ ಸಣ್ಣೀರವ್ವ ಆ ಕೋಣೇಲಿ ಮೂವತ್ತು ವರ್ಷ ಒಲೆ ಹಚ್ಚಿದ್ಲು. ಮಗನಿಗೆ ಮೇಟಿ ಕೆಲಸ ಸಿಕ್ರೆ ಕೋಣೆ ಉಳಿಯುತ್ತೆ. ಸಿಗದಿದ್ರೆ ಗಂಟುಮೂಟೆ ಹೊತ್ಕೊಂಡು ಬೀದಿಗೆ.

ಆಗ ಬಂಗ್ಲೇಲಿ ಇದ್ದೋನು ಪಿಕೆಟ್ ದೊರೆ. ಅವನು ಹೇಳಿದ: "ಒಂದು ತಿಂಗಳು ನೋಡ್ತೀನಿ. ದೊಡ್ಡ ದೊರೆ ಬಂದು ರುಜು ಹಾಕಿದ್ರೆ ಕೆಲಸ ಖಾಯಂ. ಆದ್ರೆ ಇವನಿಗೆ ನನ್ನ ಇಂಗ್ಲಿಷು ಅರ್ಥ ಆಗ್ಬೇಕು!"

ಸಣ್ಣೀರವ್ವ ಎದ್ದೆನೋ ಬಿದ್ದೆನೋ ಅಂತ ವೆಂಕಣ್ಣಾಚಾರ್ ಮೇಷ್ಟ್ರ ಮನೆಗೆ ಓಡಿದ್ಲು.

"ಮೇಷ್ಟ್ರೇ, ನನ್ನ ಮಗನ ತಲೆಗೆ ಒಂದಿಷ್ಟು ಇಂಗ್ಲಿಷು ತುಂಬಿ ಸ್ವಾಮಿ!"

"ಸಣ್ಣೀರವ್ವ, ನಿಮ್ಮನೇಲಿ ಬೀಸೋ ಕಲ್ಲಿದೆಯಲ್ಲ, ಅದನ್ನ ಕಳಿಸು. ಅದಾದ್ರೆ ಬೇಗ ಕಲಿಯುತ್ತೆ."

ಸಣ್ಣೀರವ್ವ ಅತ್ಲು. ಹೆಣ್ಣೆಂಗಸು ಅತ್ರೆ ಮೇಷ್ಟ್ರಿಗೆ ತಡೆಯಲ್ಲ. ಮೂಡ್ಲಗಿರಿಯನ್ನ ಜಗಲಿ ಮೇಲೆ ಕೂರಿಸ್ಕೊಂಡ್ರು.

"ನೋಡೋ, ನೀರು, ಟೀ, ಬೂಟು, ಹೋಗು, ಬಾ, ಇಷ್ಟು ಇಂಗ್ಲಿಷು ನಿಮ್ಮಪ್ಪ ಆಡೋದು ಕೇಳಿ ನಿನಗೆ ಗೊತ್ತು. ಅದರ ಜೊತೆ ಸಣ್ಣ ಸಣ್ಣ ಮಾತಿವೆ. ಕ್ಯಾನ್, ಮೇ, ಮಸ್ಟ್. ನಾವು ಹೋಗಬಹುದು, ಹೋಗಲೇಬೇಕು ಅಂತೀವಲ್ಲ, ಆ ಬಹುದು, ಲೇಬೇಕು. ನಮ್ಮಲ್ಲಿ ಅವು ಬಾಲದಲ್ಲಿರ್ತವೆ, ಇಂಗ್ಲಿಷಲ್ಲಿ ಮುಂದಕ್ಕೆ ಬರ್ತವೆ. ಅವು ತಿಳಿದ್ರೆ ದೊರೆ ಮನಸ್ಸು ತಿಳಿದ ಹಾಗೆ. ಇವತ್ತು ಕ್ಯಾನ್. ಕ್ಯಾನ್ ಅಂದ್ರೆ ಕೈಲಾಗೋದು. 'ಕ್ಯಾನ್ ಯು' ಅಂದ್ರೆ 'ನಿನ್ನ ಕೈಲಾಗುತ್ತಾ' ಅಂತ. ಆಗೋದಾದ್ರೆ 'ಐ ಕ್ಯಾನ್' ಅನ್ನು. ತಿಳೀತಾ?"

"ತಿಳೀತು."

ತಿಳೀತಂತೆ!

ಮಾರನೇ ದಿನ ಬೆಳಿಗ್ಗೆ ಪಿಕೆಟ್ ದೊರೆ ಕ್ಷೌರಕ್ಕೆ ಅಂತ ಮುಖದ ತುಂಬ ಸಬೂನು ನೊರೆ ಬಳ್ಕೊಂಡು ಕೂಗಿದ: "ಕ್ಯಾನ್ ಯು ಬ್ರಿಂಗ್ ಹಾಟ್ ವಾಟರ್?"

ಬಿಸಿನೀರು ತರೋಕಾಗುತ್ತಾ? ಮೂಡ್ಲಗಿರಿಯ ಯೋಚನೆ ಮಾಡಿದ. ಹಂಡೆ ಇದೆ. ಒಲೆ ಇದೆ. ಕೈ ಎರಡಿದೆ.

"ಐ ಕ್ಯಾನ್!" ಅಂದ. ಅಂದು, ನಿಂತ.

ದೊರೆ ಕಾದ. ಮತ್ತೆ ಕೇಳಿದ. "ಐ ಕ್ಯಾನ್!" ಮೂರನೇ ಸಲ ಕೇಳಿದ. ಪಾಪ, ದೊರೆಗೆ ಕಿವಿ ಮಂದ ಅಂತ ಕಾಣುತ್ತೆ ಅಂದ್ಕೊಂಡು ಇವನು ಅವನ ಕಿವಿ ಹತ್ರ ಬಾಯಿಟ್ಟು ಅರಚಿದ: "ಐ ಕ್ಯಾನ್!" ಅಷ್ಟೊತ್ತಿಗೆ ನೊರೆ ಒಣಗಿ ದೊರೆ ಮುಖ ಸುಣ್ಣ ಬಳಿದ ಗೋಡೆ ಆಗಿತ್ತು. ಬ್ರಷ್ಷು ಬೀಸಿ ಹೊಡೆದ.

ಸಣ್ಣೀರವ್ವ ಮಗನ ಕಿವಿ ಹಿಡಿದು ಮೇಷ್ಟ್ರ ಹತ್ರ ಎಳ್ಕೊಂಡು ಹೋದ್ಲು.

"ಲೋ ಕತ್ತೆ! ನಿನ್ನ ಕೈಲಾಗುತ್ತೋ ಇಲ್ವೋ ಅಂತ ತಿಳ್ಕೊಂಡು ದೊರೆ ಏನೋ ಮಾಡ್ತಾನೆ? ಅದು ಮರ್ಯಾದೆ ಮಾತು! ತಗೊಂಬಾ ಅಂತ ಅರ್ಥ!"

"ತಗೊಂಬಾ ಅಂತ ಯಾಕೆ ಅನ್ಲಿಲ್ಲ?"

"ಬಾಯ್ಮುಚ್ಚು! ಇನ್ಮೇಲೆ 'ಕ್ಯಾನ್ ಯು' ಅಂತ ಕಿವಿಗೆ ಬಿದ್ರೆ ತುಟಿ ಬಿಚ್ಚಬೇಡ. ಆ ಕ್ಷಣ ಮಾಡಿಬಿಡು!"

"ಆ ಕ್ಷಣ ಮಾಡ್ತೀನಿ."

ಮೂರು ವಾರ ದೊರೆ ಬಿಸಿಲಲ್ಲಿ ನಿಂತು ಕೆರೆ ಅಳೆದು ನಕಾಶೆ ಬರೆದ. ನಕಾಶೆ ಸುರುಳಿ ಮೂಡ್ಲಗಿರಿಯನ ಬಗಲಲ್ಲಿ. ಇಬ್ಬರೂ ಏರಿ ಮೇಲೆ ಬರ್ತಿದ್ರು. ಗಾಳಿ ತಣ್ಣಗಿತ್ತು, ದೊರೆಗೆ ಖುಷಿಯಾಗಿತ್ತು. ನೀರು ತೋರಿಸಿ, ಈಜೋ ಹಾಗೆ ಕೈ ಆಡಿಸಿ, ಸುಮ್ನೆ ಮಾತಿಗೆ ಅಂತ ಕೇಳಿದ: "ಕ್ಯಾನ್ ಯು ಸ್ವಿಮ್?"

ಕ್ಯಾನ್ ಯು! ಮೂಡ್ಲಗಿರಿಯ ತುಟಿ ಬಿಚ್ಚಲಿಲ್ಲ. ಧುಡುಮ್!

ಬಗಲಲ್ಲಿ ನಕಾಶೆ ಇದ್ದ ಹಾಗೇ ಹಾರಿದ. ಆಚೆ ದಡ ಮುಟ್ಟಿ ಈಚೆ ಬಂದ. ಕಾಗದದ ಮೇಲಿದ್ದ ಕೆರೆ ಕರಗಿ ನಿಜವಾದ ಕೆರೆಗೆ ಸೇರ್ಕೊಂಡಿತ್ತು. ಇವನು ಮಾತ್ರ ಮೇಲೆ ಬಂದು ಹಲ್ಲು ಕಿರಿದು ನಿಂತ, ಭೇಷ್ ಅಂತಾನೆ ಅಂತ!

"ಯಾರನ್ನ ಕೇಳಿ ಹಾರಿದೆಯೋ ಹಾಳಾದೋನೆ?" ಸಣ್ಣೀರವ್ವ ಎದೆ ಬಡ್ಕೊಂಡ್ಲು.

"ದೊರೇನೇ ಕೇಳಿದ್ನಲ್ಲವ್ವ!"

ಮೇಷ್ಟ್ರು ಹಣೆ ಚಚ್ಕೊಂಡ್ರು. "ಈಜು ಬರುತ್ತಾ ಅಂತ ಕೇಳಿದ್ದು ಕಣೋ! ಈ ಸಲ ಕೇಳಿದ್ದು ನಿಜವಾಗ್ಲೂ ನಿನ್ನ ಕೈಲಾಗುತ್ತಾ ಅಂತ್ಲೇ! ಹೋಗ್ಲಿ, ಅದೆಲ್ಲ ನಿನಗೆ ಆಗದ ಮಾತು. ಇನ್ಮೇಲೆ ಏನು ಮಾಡೋಕೂ ಮುಂಚೆ ಅಪ್ಪಣೆ ಕೇಳು. 'ಮೇ ಐ' ಅನ್ನು. 'ಯು ಮೇ' ಅಂದ್ರೆ ಮಾಡಬಹುದು. 'ಯು ಮೇ ನಾಟ್' ಅಂದ್ರೆ ಕೂಡದು, ತೆಪ್ಪಗಿರು."

ಶುರುವಾಯ್ತು ನೋಡಿ. ಕಸ ಹೊಡೀಲಾ? ಮೇ ಐ. ಕಿಟಕಿ ತೆಗೀಲಾ? ಮೇ ಐ. ಸೀನು ಬಂತು, ಮೂಗು ಹಿಡ್ಕೊಂಡು ಒಳಗೆ ಓಡಿದ, ಮೇ ಐ! ದೊರೆ ತಲೆ ಕೆಟ್ಟು ಗೊಬ್ಬರ ಆಯ್ತು.

ಒಂದಿನ ದೊರೆ ಹಾಳಾದ ನಕಾಶೇನ ಮತ್ತೆ ಬರೀತಾ ಕೂತಿದ್ದ. ಪಕ್ಕದಲ್ಲಿ ಬೂಟು. ಮೂಡ್ಲಗಿರಿಯ ನೋಡ್ತಿದ್ದ ಹಾಗೇ ಅಂಗೈ ಅಗಲದ ಕರಿ ಚೇಳೊಂದು ಬಂತು, ಕೊಂಡಿ ಎತ್ಕೊಂಡು ಬೂಟಿನೊಳಗೆ ಇಳೀತು. ಬುದ್ಧಿ ಇರೋನಾದ್ರೆ ಬೂಟು ಒದೀತಿದ್ದ. ಇವನು ಕೈ ಕಟ್ಟಿ ನಿಂತ.

"ಮೇ ಐ ಸ್ಪೀಕ್?" ಮಾತಾಡಬಹುದಾ?

ದೊರೆ ತಲೆ ಎತ್ತಲೇ ಇಲ್ಲ. "ನೋ! ಯು ಮೇ ನಾಟ್!"

ಸರಿ. ಮೂಡ್ಲಗಿರಿಯ ತೆಪ್ಪಗಾದ. ದೊರೆ ಬರೆದು ಮುಗಿಸಿದ, ಮೈ ಮುರಿದ, ಬೂಟಿನ ಕಡೆ ಕಾಲು ಚಾಚಿದ. ಇವನ ಗಂಟಲ ತನಕ ಮಾತು ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ.

ದೊರೆ ಕಿರುಚಿದ್ದಕ್ಕೆ ಸೂರಿನ ಪಾರಿವಾಳ ಎಲ್ಲ ಎದ್ದು ಹಾರಿದ್ವು. ಕಾಲು ಕುಂಬಳಕಾಯಿ ಆಯ್ತು.

"ನೋಡ್ಕೊಂಡೂ ಸುಮ್ನಿದ್ಯಾ?" ಸಣ್ಣೀರವ್ವ ಕೇಳಿದ್ಲು.

"ಅಪ್ಪಣೆ ಇರಲಿಲ್ಲವ್ವ."

ಕಪಾಳಕ್ಕೆ ಒಂದು ಬಿಟ್ಲು. ಆಮೇಲೆ ಕೋಣೆ ಬಾಗಿಲಿಗೆ ಒರಗಿ ಕೂತು ಸೆರಗಲ್ಲಿ ಮುಖ ಮುಚ್ಕೊಂಡ್ಲು. ನಾಳೆ ದೊಡ್ಡ ದೊರೆ ಬರೋ ದಿನ. ಎದ್ದು ಹೋಗಿ ಪಿಕೆಟ್ ದೊರೆ ಕಾಲು ಹಿಡಿಯೋಣ ಅಂದ್ರೆ ಒಂದು ಕಾಲು ಮುಟ್ಟೋ ಹಾಗಿಲ್ಲ! ಇನ್ನೊಂದನ್ನೇ ಹಿಡಿದು ಬೇಡಿದ್ಲು. ಅವಳು ಮಾಡೋ ಕೋಳಿ ಸಾರಿಗೆ ದೊರೆ ಸೋತಿದ್ದ. "ನಾಳೆವರೆಗೆ ನೋಡ್ತೀನಿ. ಇದೇ ಕೊನೆ" ಅಂದ.

ಮೇಷ್ಟ್ರು ಕೊನೇ ಪಾಠ ಹೇಳಿದ್ರು. "ಮಸ್ಟ್. ಲೇಬೇಕು. ಅಲ್ಲಿ ಆಗುತ್ತಾ ಇಲ್ಲ, ಬಹುದಾ ಇಲ್ಲ, ಅಪ್ಪಣೆ ಇಲ್ಲ. ದೊರೆ ಬಾಯಲ್ಲಿ ಮಸ್ಟ್ ಅಂತ ಬಂತೋ, ಆಕಾಶ ಕಳಚಿ ಬಿದ್ರೂ ಅದು ನಡೀಲೇಬೇಕು. ನಡೆಸು!"

"ನಡೆಸ್ತೀನಿ!"

ದೊಡ್ಡ ದೊರೆ ಬಂದ. ಮೂಡ್ಲಗಿರಿಯ ಆವತ್ತು ಟೀ ಚೆಲ್ಲಲಿಲ್ಲ, ಎಡವಲಿಲ್ಲ, ಸೀನಲಿಲ್ಲ. ದೊಡ್ಡ ದೊರೆ ತಲೆದೂಗಿದ. ಖಾಯಂ ಮಾಡೋ ಕಾಗದ ಮೇಜಿನ ಮೇಲೆ ಬಂತು. ಕಿಟಕಿ ಹಿಂದೆ ಸಣ್ಣೀರವ್ವ ಕಂಡ ದೇವರಿಗೆಲ್ಲ ಕೈ ಮುಗೀತಿದ್ಲು. ಅಷ್ಟರಲ್ಲಿ ದೊಡ್ಡ ದೊರೆ ಗಡಿಯಾರ ನೋಡಿದ.

"ರೈಲಿಗೆ ಹೊತ್ತಾಯ್ತು. ಕೈ ತೊಳ್ಕೊಂಡು ಬಂದು ರುಜು ಹಾಕ್ತೀನಿ. ಐ ಮಸ್ಟ್ ಗೋ!"

ಹೊರಟ ನೆಂಟರಿಗೆ ನಾವು ಊಟ ಮಾಡ್ಕೊಂಡೇ ಹೋಗ್ಬೇಕು ಅಂತ ಬಾಯಿಮಾತಿಗೆ ಹೇಳಲ್ವಾ? ಹಾಗೆ ಪಿಕೆಟ್ ದೊರೇನೂ ಹೇಳಿದ: "ನೋ, ನೋ! ಯು ಮಸ್ಟ್ ಸ್ಟೇ ಫಾರ್ ಲಂಚ್!"

ಮೂಡ್ಲಗಿರಿಯನ ಕಿವಿ ನೆಟ್ಟಗಾಯ್ತು. ಒಬ್ಬ ಹೋಗಲೇಬೇಕು ಅಂತಾನೆ, ಒಬ್ಬ ಇರಲೇಬೇಕು ಅಂತಾನೆ. ಎರಡು ಮಸ್ಟು! ಯಾವ ಮಸ್ಟು ನಡೆಸೋದು? ನಮ್ಮ ದೊರೆ ಮಸ್ಟೇ ಮಸ್ಟು!

ದೊಡ್ಡ ದೊರೆ ಕೈ ತೊಳೆಯೋಕೆ ಬಚ್ಚಲಿಗೆ ಹೋದ. ಇವನು ಹೊರಗಿಂದ ಅಗಳಿ ಜಡಿದು, ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಒಳಗಿಂದ ಬಾಗಿಲು ದಬದಬ. "ಐ ಮಸ್ಟ್ ಗೋ!"

ಹೊರಗಿಂದ ಇವನು: "ಯು ಮಸ್ಟ್ ಸ್ಟೇ!"

ಮೇಷ್ಟ್ರು ಒಂದು ತಿಂಗಳು ಗಂಟಲು ಹರ್ಕೊಂಡಿದ್ದಕ್ಕೆ ಅವನಿಗೆ ದಕ್ಕಿದ ಇಂಗ್ಲಿಷು ಇಷ್ಟೇ.

ಪಿಕೆಟ್ ದೊರೆ ಕುಂಟ್ಕೊಂಡು ಬಂದು ಎಳೆದ, ಜಗ್ಗಿದ. ಕೋಣದಂಥ ಮೈ, ಅಲ್ಲಾಡಲಿಲ್ಲ. ಸಣ್ಣೀರವ್ವ ಓಡಿ ಬಂದ್ಲು. "ಎದ್ದೇಳೋ! ಕೈ ಮುಗೀತೀನಿ, ಎದ್ದೇಳೋ!"

"ಊಟ ತಗೊಂಬಾರವ್ವ. ಊಟ ಆಗ್ದೆ ಬಿಡೋ ಹಾಗಿಲ್ಲ!"

ದೂರದಲ್ಲಿ ರೈಲು ಕೂಗ್ತು. ಹೋಯ್ತು. ಆಮೇಲೆ ದೊಡ್ಡ ದೊರೆ ಬಾಗಿಲು ಮುರ್ಕೊಂಡೇ ಹೊರಗೆ ಬಂದ. ಕಾಗದ ಎತ್ತಿ ನಾಲ್ಕು ಚೂರು ಮಾಡಿದ.

ಪಿಕೆಟ್ ದೊರೆ ಮುಖ ಕೆಂಡ. ಆದ್ರೂ ಮರ್ಯಾದಸ್ಥ. ಗೇಟಿನ ಕಡೆ ಬೆರಳು ಮಾಡಿ, ಹಲ್ಲು ಕಚ್ಚಿ, ಮೆಲ್ಲಗೆ ಹೇಳಿದ: "ಯು ಮೇ ಗೋ."

ಸಣ್ಣೀರವ್ವ ಕೋಣೆಗೆ ಹೋಗಿ ಕಣ್ಣೀರು ಒರೆಸ್ಕೊಳ್ತಾ ಪಾತ್ರೆ ಗಂಟು ಕಟ್ತಿದ್ಲು. ಮೂಡ್ಲಗಿರಿಯ ಬಂದು ಆರಾಮಾಗಿ ಕಾಲು ಚಾಚಿ ಕೂತ.

"ಇನ್ನೂ ಕೂತಿದ್ಯಲ್ಲೋ! ಹೋಗು ಅಂದ್ನಲ್ಲೋ ದೊರೆ!"

"ಎಲ್ಲವ್ವ ಹೋಗು ಅಂದ? ಹೋಗಬಹುದು ಅಂದ. ಹೋಗಲೇಬೇಕು ಅನ್ನೋದಾದ್ರೆ ಮಸ್ಟ್ ಅಂತಿರಲಿಲ್ವಾ? ನನ್ನಿಷ್ಟಕ್ಕೇ ಬಿಟ್ಟಿದಾನೆ. ಒಳ್ಳೇ ಮನುಷ್ಯ. ಇವತ್ತು ಮನಸ್ಸಿಲ್ಲ, ನಾಳೆ ಬೇಕಾದ್ರೆ ಕೇಳಿ ನೋಡಿ ಅಂತ ಹೇಳ್ಬಂದೆ."

ದೊರೆ ಕಚೇರಿಯಿಂದ ಕರೆಸಿದ ನಾಲ್ಕು ಜನ ಜವಾನರು ಬಂದ್ರು. ಕೈಗಿಬ್ಬರು, ಕಾಲಿಗಿಬ್ಬರು, ಎತ್ಕೊಂಡು ಗೇಟಿನ ಕಡೆ ನಡೆದ್ರು. ಹಿಂದೆ ತಾಯಿ, ತಲೆ ಮೇಲೆ ಗಂಟು. ಮೂಡ್ಲಗಿರಿಯ ಅಂಗಾತ ತೂಗಾಡ್ತಾ ಆ ನಾಲ್ವರಿಗೂ ಛೀಮಾರಿ ಹಾಕ್ತಿದ್ದ:

"ಥೂ, ದಡ್ಡರಾ! ಮೇ ಅಂದಿದಾನೆ ಕಣ್ರಯ್ಯಾ, ಮಸ್ಟ್ ಅಲ್ಲ! ಇಂಗ್ಲಿಷು ಬರದೇ ಇದ್ರೆ ಹೋಗಿ ಕಲೀರಿ!"