ಕರಡಿಯ ಹೊಸ ಹಲ್ಲು

ಮುದಿ ಕರಡಿಯ ದವಡೆಗೆ ಹೊಸ ಹಲ್ಲು ನೆಟ್ಟ ವೈದ್ಯ ಮರಕುಟಿಗ, ಗಾಯದ ಮೇಲೆ ಹತ್ತಿಯುಂಡೆ ಇಟ್ಟು, "ಕಚ್ಚಿ ಹಿಡಿಯಿರಿ. ಬಾಯಿ ತೆರೆಯಬೇಡಿ. ರಕ್ತ ಹೆಪ್ಪುಗಟ್ಟದಿದ್ದರೆ ಹಲ್ಲು ಉಳಿಯದು" ಎಂದು ಹೇಳಿ ಹಾರಿಹೋಯಿತು.

ಕ್ಷೇಮ ವಿಚಾರಿಸಲು ನರಿ ಬಂತು. "ರಕ್ತ ನಿಂತಿತೇ, ರಾಯರೇ?"

ಮನೆಗೆ ಬಂದವರಿಗೆ ಉತ್ತರ ಕೊಡದಿದ್ದರೆ ಮರ್ಯಾದೆಯೇ? ಕರಡಿ ಹತ್ತಿ ತೆಗೆದು, "ನಿಂತಿದೆ" ಎಂದಿತು. ಗಾಯ ಮತ್ತೆ ಜಿನುಗಿತು. ಆಮೇಲೆ ಹಂದಿ ಬಂತು, ಕಡವೆ ಬಂತು. ಎಲ್ಲರದೂ ಅದೇ ಪ್ರಶ್ನೆ, ಕರಡಿಯದೂ ಅದೇ ಮರ್ಯಾದೆ. ಸಂಜೆಯ ಹೊತ್ತಿಗೆ ಎದೆಯ ಕೂದಲೆಲ್ಲ ಕೆಂಪಾಯಿತು. "ಆ ಮರಕುಟಿಗನ ಕೈಗುಣವೇ ಸರಿಯಿಲ್ಲ" ಎಂದು ಬಂದವರೆಲ್ಲ ತೀರ್ಪು ಕೊಟ್ಟರು.

ಮರಕುಟಿಗ ಹಾರಿಬಂದು ಹೊಸ ಹತ್ತಿ ಇಟ್ಟು, "ನಿಜ ಹೇಳಿ, ಬಾಯಿ ತೆರೆದಿದ್ದಿರಾ?" ಎಂದು ಗದರಿತು.

ಕರಡಿಗೆ ಅವಮಾನವಾಯಿತು. ಹತ್ತಿಯನ್ನು ಕಿತ್ತು ಕೈಯಲ್ಲಿ ಹಿಡಿದು, "ದೇವರಾಣೆ, ತುಟಿ ಎರಡು ಮಾಡಿಲ್ಲ!" ಎಂದಿತು.