ಎದುರು ಮನೆಯ ಗಟ್ಟಿಮೇಳ

ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಹೇಳುತ್ತಿದ್ದ ಪ್ರೊಫೆಸರ್ ನಂಜರಾಜಯ್ಯನವರು ವಿಧವೆಯರಿಗೆ ಮರುಮದುವೆ ಮಾಡಿಸುತ್ತಿದ್ದರು. ಈ ಸಲ ತಮ್ಮ ಮನೆ ಮುಂದೆಯೇ ಚಪ್ಪರ ಹಾಕಿಸಿದರು. ಎದುರು ಮನೆಯ ಧರ್ಮದರ್ಶಿ ಸುಬ್ಬನರಸಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. ದೇವಸ್ಥಾನದಲ್ಲಿ ನಾಗಸ್ವರ ಊದುವ ಕದಿರಪ್ಪನನ್ನು ಕರೆಸಿ ಹೇಳಿದರು: “ಆ ಚಪ್ಪರದೊಳಗೆ ಕಾಲಿಟ್ಟರೆ ನಿನಗೆ ದೇವಸ್ಥಾನದ ಕೆಲಸ ಇಲ್ಲ.”

ಕದಿರಪ್ಪ ಪ್ರೊಫೆಸರರ ಬಳಿ ಹೋಗಿ ವಿಷಯ ತಿಳಿಸಿದ. “ನನ್ನ ನೀತಿಗಾಗಿ ನಿನ್ನ ಅನ್ನ ಹೋಗಬಾರದಪ್ಪ. ಓಲಗ ಇಲ್ಲದೆಯೇ ಮಾಡೋಣ” ಎಂದರು ಅವರು. ಒಳಗೆ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ಕದ್ದು ಮಾಡಿದ ಮದುವೆಯ ಹಾಗಾಗುತ್ತದಲ್ಲ ಎಂದು ಕದಿರಪ್ಪನಿಗೆ ಸಂಕಟವಾಯಿತು.

ಮದುವೆಯ ಬೆಳಿಗ್ಗೆ ಅವನು ಡೋಲಿನವನನ್ನು ಕರೆದುಕೊಂಡು ಧರ್ಮದರ್ಶಿಗಳ ಮನೆಗೇ ಬಂದ. “ಬುದ್ಧಿ, ನಾವು ಅಲ್ಲಿಗೆ ಹೋದೆವು ಅಂತ ಯಾರಾದರೂ ಚಾಡಿ ಹೇಳಿಯಾರು. ಮುಹೂರ್ತ ಮುಗಿಯೋವರೆಗೂ ನಿಮ್ಮ ಜಗುಲಿ ಮೇಲೇ ಕೂತಿರ್ತೀವಿ.” ಧರ್ಮದರ್ಶಿಗಳು ಸಂತೋಷದಿಂದ ಚಾಪೆ ಹಾಕಿಸಿದರು.

ಎದುರುಗಡೆ ಮದುಮಗ ತಾಳಿ ಎತ್ತಿದ. ಜಗುಲಿಯ ಮೇಲೆ ಗಟ್ಟಿಮೇಳ ಮೊಳಗಿತು. ಧರ್ಮದರ್ಶಿಗಳು ಓಡಿಬಂದರು. “ಏನಯ್ಯಾ ಇದು?”

ಕದಿರಪ್ಪ ತಾಳಿ ಕಟ್ಟಿ ಮುಗಿಯುವವರೆಗೂ ಊದಿ, ಆಮೇಲೆ ನಾಗಸ್ವರ ಇಳಿಸಿದ. “ಚಪ್ಪರದೊಳಗೆ ಕಾಲಿಟ್ಟಿಲ್ಲ ಬುದ್ಧಿ.”

ಅಷ್ಟರಲ್ಲಿ ಧರ್ಮದರ್ಶಿಗಳ ತಾಯಿ ಅಕ್ಷತೆ ಹಿಡಿದು ಹೊರಗೆ ಬಂದರು. “ಓಲಗ ನಮ್ಮ ಮನೇದು ಅಂದಮೇಲೆ ನಾವು ಹರಸದೆ ಇರೋದು ಹ್ಯಾಗೋ?” ಎನ್ನುತ್ತ ಬೀದಿ ದಾಟಿ ಚಪ್ಪರದೊಳಕ್ಕೆ ನಡೆದರು.

ಕದಿರಪ್ಪನನ್ನು ಕೆಲಸದಿಂದ ಬಿಡಿಸಬೇಕಾದರೆ ಅವನು ಎಲ್ಲಿ ಕೂತು ಊದಿದ ಎಂದು ಧರ್ಮದರ್ಶಿಗಳು ದೇವಸ್ಥಾನದ ಕಮಿಟಿಗೆ ಹೇಳಬೇಕಿತ್ತು. ಅವರು ಹೇಳಲಿಲ್ಲ. ಸಂಜೆಯ ಮಂಗಳಾರತಿಗೆ ಕದಿರಪ್ಪನೇ ಊದಿದ.