ಕಪ್ಪು ಹಾಯಿಯನ್ನು ಸೀಳಿದ ಕತ್ತಿ

ಗ್ರೀಕ್ ಪುರಾಣದ ಸಿನಿಮಾವೊಂದರ ಸೆಟ್ಟಿನಲ್ಲಿ, ಸಾಹಸ ದೃಶ್ಯವೊಂದಕ್ಕಾಗಿ ಹಡಗಿನ ಕಪ್ಪು ಹಾಯಿಯನ್ನು ಮೇಲಿಂದ ಕೆಳಗೆ ಸೀಳುತ್ತಾ ಜಾರಲು ನಾಯಕನ ಕತ್ತಿ ಸಿದ್ಧವಾಯಿತು.

"ನಿಲ್ಲು!" ಎಂದಿತು ಹಾಯಿ. "ಪುರಾಣದಲ್ಲಿ, ರಾಕ್ಷಸನನ್ನು ಕೊಲ್ಲಲು ಹೊರಟಾಗ, ಬದುಕಿ ಬಂದರೆ ನನ್ನನ್ನು ಇಳಿಸಿ ಬಿಳಿ ಹಾಯಿ ಏರಿಸುತ್ತೇನೆಂದು ನಾಯಕ ಅಪ್ಪನಿಗೆ ಮಾತು ಕೊಟ್ಟಿದ್ದ. ಗೆದ್ದ ಅಮಲಿನಲ್ಲಿ ಮರೆತ. ದಡದಲ್ಲಿದ್ದ ಮುದಿ ರಾಜ ನನ್ನನ್ನು ಕಂಡು, ಮಗ ಸತ್ತನೆಂದು ಸಮುದ್ರಕ್ಕೆ ಹಾರಿದ. ಕಥೆ ಇರುವುದೇ ಅಲ್ಲಿ. ನನ್ನನ್ನು ಸೀಳಿದರೆ ಕೊನೆಗೆ ಏನು ತೋರಿಸುತ್ತೀಯೆ?"

"ನನ್ನನ್ನೇ! ಅಳುಬುರುಕ ಬಟ್ಟೆ ನೋಡಲು ಯಾರಮ್ಮ ಟಿಕೆಟ್ ತೆಗೆಯುತ್ತಾರೆ? ವೀರರು ಮರೆಯುವುದಿಲ್ಲ."

"ಸಾವಿರಾರು ವರ್ಷ ಜನ ನೆನಪಿಟ್ಟದ್ದು ಅವನು ಮರೆತದ್ದನ್ನೇ ಕಣೋ, ಮೂಢ!" ಎಂದು ಹಾಯಿ ಕೂಗುತ್ತಿರುವಾಗಲೇ ಕತ್ತಿ ಅದನ್ನು ಎರಡು ಹೋಳು ಮಾಡಿತು. ಸೆಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು.

ಕೊನೆಯ ದೃಶ್ಯದ ದಿನ, ದಡದ ಬಂಡೆಯ ಮೇಲೆ ಮುದಿ ರಾಜನ ಕಿರೀಟ ಕಾದಿತ್ತು. ಬೋಳು ಕಂಬದ ಹಡಗು ಬಂತು.

"ಹಾಯಿ ಯಾವ ಬಣ್ಣದ್ದು?" ಎಂದು ಕಿರೀಟ ಕೇಳಿತು.

"ಹಾಯಿ ಇಲ್ಲ ತಾತ. ನಾನಿದ್ದೇನಲ್ಲ!" ಎಂದು ಕತ್ತಿ ಬಿಸಿಲಿಗೆ ಮಿಂಚಿತು.

"ನಿನ್ನ ಹೊಳಪು ಯಾರಿಗೆ ಬೇಕು?" ಕಿರೀಟ ಗುಡುಗಿತು. "ನನ್ನ ಮಗ ಬದುಕಿದ್ದಾನೋ, ಸತ್ತನೋ? ಅದನ್ನು ಹೇಳು!"

ಸಿನಿಮಾದುದ್ದಕ್ಕೂ ನಲವತ್ತು ಕತ್ತು ಕಡಿದಿದ್ದ ಕತ್ತಿಗೆ ಅದೊಂದನ್ನು ಹೇಳಲು ಬರಲಿಲ್ಲ.